ಜಾಂಗೋದ 373ನೇ ಟಿಕೆಟ್ ಮತ್ತು ಕಾಗುಣಿತ ಉದುರಿದ ಕೊಂಡಿಗಳು

ಜಾಂಗೋ ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಸೈಟ್ ಕಟ್ಟಲು ಬಳಸುವ, ಎಲ್ಲರಿಗೂ ತೆರೆದಿಟ್ಟ ಕೋಡ್. ಅದನ್ನು ಬಳಸುವವರ ನಡುವೆ 373 ಅಂದರೆ ಸಾಕು, ಯಾವ ಟಿಕೆಟ್ (ತೊಂದರೆ ಅಥವಾ ಬೇಡಿಕೆ ಬರೆದಿಡುವ ದಾಖಲೆ) ಅಂತ ಹಳಬರಿಗೆ ಗೊತ್ತಾಗುತ್ತದೆ. ಡೇಟಾಬೇಸ್ ಟೇಬಲ್ಲಿನ ಎರಡು ಮೂರು ಕಾಲಂ ಒಟ್ಟುಗೂಡಿಸಿ ಒಂದು ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ತೋರಿಸುವ ಗುರುತು) ಮಾಡಲು ಅವಕಾಶ ಕೊಡಿ ಅನ್ನುವ ಬೇಡಿಕೆ ಅದು. ಯಾರೋ ಅದನ್ನು ಬರೆದದ್ದು 2005ರಲ್ಲಿ. ಆ ಸೌಲಭ್ಯ ಎಲ್ಲರ ಕೈಗೆ ಬಂದದ್ದು 2025ರ ಏಪ್ರಿಲ್‌ನಲ್ಲಿ, ಜಾಂಗೋ 5.2ರ ಜೊತೆ. ನಡುವೆ ಹತ್ತೊಂಬತ್ತು ವರ್ಷಕ್ಕೂ ಮಿಕ್ಕಿದ ಮಾತುಕತೆ ಇದೆ.

ಇಷ್ಟು ವರ್ಷ ಯಾಕೆ ಬೇಕಾಯಿತು ಅಂದರೆ ಮಾಡುವವರ ಸೋಮಾರಿತನ ಅನ್ನುವವರಿದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಆ ಟಿಕೆಟ್ಟನ್ನೂ ಅದರ ಸುತ್ತಲಿನ ಚರ್ಚೆಯನ್ನೂ ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಯಿತು. ನಾವು ಇಳಿಸಿಕೊಂಡು ಬಳಸುವ ಕೋಡ್ ಜಾಂಗೋದ ಅರ್ಧ ಭಾಗ ಮಾತ್ರ. ಇನ್ನರ್ಧ ಇರುವುದು ಈ ಟಿಕೆಟ್‌ಗಳಲ್ಲಿ. ಯಾವುದನ್ನು ಸೇರಿಸಿದರು, ಯಾವುದನ್ನು ಬೇಡ ಅಂದರು, ಯಾಕೆ ಅಂದರು ಅನ್ನುವುದೆಲ್ಲ ಅಲ್ಲಿದೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಮಾತು ಸೇರಿಸಬಹುದು. ಕನ್ನಡದಲ್ಲಿ ಸೈಟ್ ಮಾಡುವ ನಾವು ಮೊದಲ ಅರ್ಧವನ್ನು ಚೆನ್ನಾಗಿ ಬಳಸಿಕೊಂಡಿದ್ದೇವೆ. ಎರಡನೆಯದರಲ್ಲಿ ನಮ್ಮ ದನಿ ಕಡಿಮೆ. ಅದರ ಪರಿಣಾಮ ನಮ್ಮ ವೆಬ್ ವಿಳಾಸಗಳಲ್ಲೇ ಕಾಣುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 373ರ ಕಷ್ಟ ಏನು ಅಂತ ನೋಡೋಣ. ಒಂದು ಜಿಲ್ಲೆಯ ಎಲ್ಲ ಶಾಲೆಗಳ ಮಕ್ಕಳ ಪಟ್ಟಿ ಇದೆ ಅಂದುಕೊಳ್ಳಿ. ದಾಖಲಾತಿ ನಂಬರ್ 45 ಪ್ರತಿ ಶಾಲೆಯಲ್ಲೂ ಇರುತ್ತದೆ. ಶಾಲೆಯ ಕೋಡ್ ಮತ್ತು ದಾಖಲಾತಿ ನಂಬರ್ ಎರಡೂ ಸೇರಿದರೆ ಮಾತ್ರ ಮಗು ಇಂಥದ್ದೇ ಎಂದು ಹೇಳಲು ಸಾಧ್ಯ. ಡೇಟಾಬೇಸ್‌ಗಳಿಗೆ ಇದು ಸಲೀಸು. ಎಷ್ಟೋ ಕಡೆ ಹಳೆಯ ಟೇಬಲ್‌ಗಳು ಹೀಗೇ ಇವೆ. ಆದರೆ ಜಾಂಗೋ ಹುಟ್ಟಿದಾಗಲೇ ಒಂದು ಸಾಲಿಗೆ ಒಂದೇ ಗುರುತು ಅಂತ ನಂಬಿಕೊಂಡಿತ್ತು. ಆ ನಂಬಿಕೆ ಒಂದು ಕಡೆ ಇದ್ದಿದ್ದರೆ ಬದಲಿಸುವುದು ಸುಲಭ ಇತ್ತು. ಅದು ಎಲ್ಲ ಕಡೆ ಹರಡಿತ್ತು. ಒಂದು ಟೇಬಲ್ ಇನ್ನೊಂದನ್ನು ಫಾರಿನ್ ಕೀ ಮೂಲಕ ತೋರಿಸುವಾಗ ಒಂದೇ ಕಾಲಂ ಬಳಸುತ್ತದೆ. ಸೈಟಿನ ಮಾಹಿತಿ ತಿದ್ದುವ ಅಡ್ಮಿನ್ ಪುಟದ ವಿಳಾಸದಲ್ಲಿ ಒಂದೇ ಗುರುತು ಕೂರುತ್ತದೆ. ಯಾವ ಮಾದರಿಯ ವಸ್ತುವಿಗೆ ಬೇಕಾದರೂ ಕೊಂಡಿ ಹಾಕುವ ಜೆನೆರಿಕ್ ಸಂಬಂಧಗಳು ಗುರುತನ್ನು ಒಂದೇ ಕಾಲಂನಲ್ಲಿ ಇಟ್ಟುಕೊಳ್ಳುತ್ತವೆ. ಜನ ವಾಸ ಮಾಡುತ್ತಿರುವ ತೊಟ್ಟಿ ಮನೆಯಲ್ಲಿ ನಡು ಕಂಬ ಬದಲಿಸುವ ಕೆಲಸ ಅದು. ಒಬ್ಬರನ್ನೂ ಹೊರಗೆ ಕಳಿಸುವ ಹಾಗಿಲ್ಲ.

ಪ್ರಯತ್ನಗಳು ನಡೆಯದೆ ಇರಲಿಲ್ಲ. ಪ್ಯಾಚ್‌ಗಳು, ಅಂದರೆ ಕೋಡಿನ ತಿದ್ದುಪಡಿಗಳು, ಬಂದವು. ಹೊಸಬರಿಗೆ ಹಣ ಕೊಟ್ಟು ಇಂಥ ಕೋಡ್ ಬರೆಸುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲೂ ಇದಕ್ಕೆ ಕೈ ಹಾಕಿದರು. ಒಂದೇ ಏಟಿಗೆ ಎಲ್ಲವನ್ನೂ ಸರಿ ಮಾಡಲು ಹೋದ ಪ್ರಯತ್ನಗಳು ದಡ ಸೇರಲಿಲ್ಲ. ಕೊನೆಗೆ ಫಲ ಕೊಟ್ಟದ್ದು ಕೆಲಸವನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿದ ಕ್ರಮ. 2024ರಲ್ಲಿ ಮೊದಲು ಬಂದದ್ದು ಎರಡು ಕಾಲಂಗಳ ಜೋಡಿಯನ್ನು ಇನ್ನೊಂದು ಜೋಡಿಗೆ ಹೋಲಿಸುವ ಸಾಮರ್ಥ್ಯ, ಅಷ್ಟೇ. ಪ್ರೈಮರಿ ಕೀಯ ಸುದ್ದಿಯೇ ಅದರಲ್ಲಿ ಇರಲಿಲ್ಲ. ಅದು ಗಟ್ಟಿಯಾದ ಮೇಲೆ ಅದರ ಮೇಲೆ ಹಲವು ಕಾಲಂ ಸೇರಿದ ಕಾಂಪೊಸಿಟ್ ಪ್ರೈಮರಿ ಕೀ ನಿಂತಿತು. 5.2ರಲ್ಲಿ ಬಂದಾಗಲೂ ಅದು ಪೂರ್ತಿ ಅಲ್ಲ. ಅಂಥ ಟೇಬಲ್ಲಿಗೆ ಫಾರಿನ್ ಕೀ ತೋರಿಸಲು ಆಗಲಿಲ್ಲ, ಅಡ್ಮಿನ್‌ಗೆ ಸೇರಿಸಲು ಆಗಲಿಲ್ಲ. ಈಗಾಗಲೇ ಇರುವ ಟೇಬಲ್ಲಿನ ಕೀಯನ್ನು ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಿಸುವ ಏರ್ಪಾಡು) ಮೂಲಕ ಜೋಡಿ ಕೀಗೆ ಬದಲಿಸಲೂ ಆಗಲಿಲ್ಲ. ಇದನ್ನೆಲ್ಲ ಮುಚ್ಚಿಡದೆ ದಾಖಲೆ ಪುಟದಲ್ಲೇ ಬರೆದಿದ್ದಾರೆ. ಆಗದ್ದನ್ನು ಆಗದು ಅಂತ ಬರೆದಿಟ್ಟರೆ ಅದನ್ನು ನಂಬಿ ಕೆಲಸಕ್ಕೆ ಇಳಿಯುವವನಿಗೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ.

ಜಾಂಗೋ ಹುಟ್ಟಿದ್ದು ಒಂದು ಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಲಾರೆನ್ಸ್ ಜರ್ನಲ್-ವರ್ಲ್ಡ್ ಅಂತ ಪತ್ರಿಕೆ. ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಶುರು ಮಾಡಿದರು. ಜೇಕಬ್ ಕ್ಯಾಪ್ಲನ್-ಮಾಸ್ ಆಮೇಲೆ ಸೇರಿಕೊಂಡರು. 2005ರ ಜುಲೈನಲ್ಲಿ ಎಲ್ಲರಿಗೂ ತೆರೆದಿಟ್ಟರು. ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಅವರ ಹೆಸರನ್ನೇ ಇಟ್ಟರು. ಸುದ್ದಿಮನೆಯ ಕೂಸು ಆದ್ದರಿಂದಲೇ ಸುದ್ದಿಯ ತಲೆಬರಹದಿಂದ ವಿಳಾಸ ತಯಾರಿಸುವ ಸ್ಲಗ್ ಅನ್ನುವ ಏರ್ಪಾಡು ಅದರಲ್ಲಿ ಮೊದಲಿನಿಂದಲೂ ಇದೆ. ಕನ್ನಡಕ್ಕೆ ತೊಡಕಾಗುವುದು ಸರಿಯಾಗಿ ಇಲ್ಲೇ.

ಅದಕ್ಕೂ ಮುಂಚೆ, ಒಂದು ಬಗ್ ಹೇಗೆ ಪ್ರಯಾಣ ಮಾಡುತ್ತದೆ ಅಂತ ಹೇಳಬೇಕು. ಯಾರೋ ಟಿಕೆಟ್ ಬರೆಯುತ್ತಾರೆ. ಅದು ಇನ್ನೂ ಯಾರೂ ನೋಡದ ಸ್ಥಿತಿಯಲ್ಲಿ ಇರುತ್ತದೆ. ಇನ್ನೊಬ್ಬರು ಬಂದು ತಮ್ಮ ಯಂತ್ರದಲ್ಲಿ ಓಡಿಸಿ ನೋಡಿ, ಹೌದು ಇದು ನಿಜವಾದ ತೊಂದರೆ ಅಂದರೆ ಅದು ಅಕ್ಸೆಪ್ಟೆಡ್ ಆಗುತ್ತದೆ. ಆಮೇಲೆ ಪ್ಯಾಚ್ ಬೇಕು, ಟೆಸ್ಟ್ ಬೇಕು, ದಾಖಲೆ ಬೇಕು. ಪ್ಯಾಚ್ ಬರೆದವರೇ ತಮ್ಮ ಪ್ಯಾಚ್ ಸಿದ್ಧ ಅಂತ ಗುರುತು ಹಾಕುವ ಹಾಗಿಲ್ಲ, ಬೇರೆಯವರು ಪರಿಶೀಲಿಸಿ ಹಾಕಬೇಕು. ಇಷ್ಟು ದಾಟಿದರೆ ಅದನ್ನು ಸೇರಿಸುವ ಹಕ್ಕು ಇರುವ ಒಬ್ಬರು ಮತ್ತೆ ಓದುತ್ತಾರೆ. ಇದರಲ್ಲಿ ಬಹುಪಾಲು ಕೆಲಸಕ್ಕೆ ಯಾರ ಅನುಮತಿಯೂ ಬೇಡ. ಬೆಂಗಳೂರಿನಲ್ಲಿ ಕೂತ ಕಾಲೇಜು ಹುಡುಗಿಯೊಬ್ಬಳು ಇವತ್ತು ರಾತ್ರಿ ಒಂದು ಬಗ್ಗನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಮರುಕಳಿಸಿ ನೋಡಿ, ಹೌದು ನನಗೂ ಹೀಗೇ ಆಯಿತು ಅಂತ ಬರೆದರೆ ಅದಕ್ಕೆ ನಿಜವಾದ ಬೆಲೆ ಇದೆ.

ಒಳ್ಳೆಯ ಟಿಕೆಟ್ ಹೇಗಿರುತ್ತದೆ ಅನ್ನುವುದು ನನಗೆ ಬಹಳ ಇಷ್ಟದ ವಿಷಯ. ನಮ್ಮ ಆಫೀಸುಗಳಲ್ಲಿ ಬಗ್ ಬರೆಯುವ ರೀತಿ ಗೊತ್ತಲ್ವಾ. "ಲಾಗಿನ್ ಆಗ್ತಿಲ್ಲ, ಅರ್ಜೆಂಟ್" ಅಂತ ಒಂದು ಸಾಲು, ಜೊತೆಗೊಂದು ಸ್ಕ್ರೀನ್‌ಶಾಟ್. ಜಾಂಗೋದ ಒಳ್ಳೆಯ ಟಿಕೆಟ್‌ಗಳಲ್ಲಿ ಬರೆದವರು ತಮ್ಮ ಇಡೀ ಪ್ರಾಜೆಕ್ಟನ್ನು ಪಕ್ಕಕ್ಕಿಟ್ಟಿರುತ್ತಾರೆ. ಎರಡು ಚಿಕ್ಕ ಮಾಡೆಲ್ (ಟೇಬಲ್ಲಿನ ರೂಪ ಹೇಳುವ ಕೋಡ್), ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ). ಡೇಟಾಬೇಸಿನ ಭಾಷೆಯಲ್ಲಿ ಬರಬೇಕಾಗಿದ್ದ ಎಸ್‌ಕ್ಯೂಎಲ್ ಇದು, ಬಂದದ್ದು ಇದು. ಹಿಂದಿನ ಆವೃತ್ತಿಯಲ್ಲಿ ಸರಿ ಇತ್ತು, ಈ ಆವೃತ್ತಿಯಲ್ಲಿ ಕೆಟ್ಟಿದೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಕಮಿಟ್‌ನಿಂದ (ಕೋಡಿಗೆ ಸೇರಿದ ಒಂದು ಬದಲಾವಣೆ) ಕೆಟ್ಟಿತು ಅಂತಲೂ ಬರೆದಿರುತ್ತಾರೆ. ಕೋಡಿನ ಇತಿಹಾಸದಲ್ಲಿ ಹುಡುಕುವ ಗಿಟ್ ಬೈಸೆಕ್ಟ್ ಬಳಸಿದರೆ ಅದು ಅಷ್ಟೇನೂ ಕಷ್ಟ ಅಲ್ಲ. ಸಾವಿರ ಕಮಿಟ್ ಇದ್ದರೂ ಪ್ರತಿ ಸಲ ಅರ್ಧಕ್ಕೆ ಕತ್ತರಿಸುತ್ತಾ ಹೋದರೆ ಹತ್ತು ಸಲದಲ್ಲಿ ಕಳ್ಳ ಸಿಗುತ್ತಾನೆ. ಇಂಥ ಟಿಕೆಟ್ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಓದುವವರ ಸಮಯಕ್ಕೆ ಬರೆಯುವವರು ಕೊಡುವ ಗೌರವ ಅದು.

ಅದರ ಜೊತೆಗೆ ಟೆಸ್ಟ್, ಅಂದರೆ ಕೋಡ್ ಸರಿಯಾಗಿ ನಡೆಯುತ್ತದೆಯಾ ಅಂತ ಪರೀಕ್ಷಿಸುವ ಕೋಡ್. ಜಾಂಗೋದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಟೆಸ್ಟ್‌ಗಳಿವೆ. ಬಗ್ ಸರಿಪಡಿಸುವ ಪ್ಯಾಚ್ ಜೊತೆ ಬರುವ ಟೆಸ್ಟ್, ಪ್ಯಾಚ್ ಇಲ್ಲದಿದ್ದರೆ ಸೋಲಬೇಕು, ಪ್ಯಾಚ್ ಹಾಕಿದರೆ ಗೆಲ್ಲಬೇಕು. ಎರಡೂ ಕಡೆ ಗೆಲ್ಲುವ ಟೆಸ್ಟ್ ಏನನ್ನೂ ಸಾಬೀತು ಮಾಡುವುದಿಲ್ಲ. ಎಷ್ಟೋ ಹೊಸಬರು ಬಗ್ ಸರಿಪಡಿಸುವುದು ಬೇಗ ಕಲಿಯುತ್ತಾರೆ, ಸೋಲುವ ಟೆಸ್ಟ್ ಬರೆಯುವುದಕ್ಕೆ ಜಾಸ್ತಿ ಹೆಣಗುತ್ತಾರೆ. ಬಗ್ ಎಲ್ಲಿದೆ ಅಂತ ನಿಜವಾಗಿ ಅರ್ಥವಾಗದೆ ಅಂಥ ಟೆಸ್ಟ್ ಬರೆಯಲು ಬರುವುದಿಲ್ಲ.

ಇನ್ನು ಬೇಡ ಅನ್ನುವ ಉತ್ತರ. ಟಿಕೆಟ್ಟಿಗೆ ವೋಂಟ್‌ಫಿಕ್ಸ್ (ಸರಿಪಡಿಸುವುದಿಲ್ಲ) ಅಂತ ಬಿದ್ದಾಗ ಬರೆದವರಿಗೆ ಬೇಜಾರಾಗುತ್ತದೆ, ಸಹಜ. ಆದರೆ ಜಾಂಗೋದಲ್ಲಿ ಆ ಉತ್ತರದ ಕೆಳಗೆ ಸಾಮಾನ್ಯವಾಗಿ ಕಾರಣ ಇರುತ್ತದೆ. ಒಂದು ಸೌಲಭ್ಯ ಸೇರಿಸಿದರೆ ಅದನ್ನು ವರ್ಷಗಟ್ಟಲೆ ಸಾಕಬೇಕು. ತೆಗೆಯಬೇಕು ಅನ್ನಿಸಿದರೂ ಇದ್ದಕ್ಕಿದ್ದ ಹಾಗೆ ತೆಗೆಯುವ ಹಾಗಿಲ್ಲ, ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ಕೊಡುತ್ತಾ ಇರಬೇಕು. ಆವೃತ್ತಿ ಬರುವುದು ಸುಮಾರು ಎಂಟು ತಿಂಗಳಿಗೊಮ್ಮೆ. ಲೆಕ್ಕ ಹಾಕಿ. ಹಾಗಾಗಿ ಎಷ್ಟೋ ಸಲ, ಇದನ್ನು ಬೇರೆ ಪ್ಯಾಕೇಜ್ ಆಗಿ ಮಾಡಿ ಅನ್ನುತ್ತಾರೆ. ಅದು ಸುಮ್ನೆ ಸಾಗಹಾಕುವ ಮಾತಲ್ಲ. ಆಂಡ್ರ್ಯೂ ಗಾಡ್ವಿನ್ 2008ರಲ್ಲಿ ಸೌತ್ ಅನ್ನುವ ಪ್ಯಾಕೇಜನ್ನು ಹೊರಗೇ ಬೆಳೆಸಿದರು. ಮಾಡೆಲ್ ಬದಲಾದಾಗ ಡೇಟಾಬೇಸನ್ನು ಅದಕ್ಕೆ ತಕ್ಕಂತೆ ಬದಲಿಸುವ ಕೆಲಸ ಅದರದ್ದು. ಹೊರಗೆ ಇದ್ದಾಗ ಎಲ್ಲೆಲ್ಲಿ ಎಡವುತ್ತದೆ ಅಂತ ಸಾವಿರಾರು ಜನ ಬಳಸಿ ಕಂಡುಕೊಂಡರು. 2013ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಬಳಕೆದಾರರೇ ಹಣ ಕೂಡಿಸಿದರು. 2014ರಲ್ಲಿ ಜಾಂಗೋ 1.7ರ ಒಳಗೆ ಮೈಗ್ರೇಶನ್ ಬಂತು, ಹೊಸದಾಗಿ ಬರೆದು. ಆರು ವರ್ಷ ಹೊರಗೆ ಇದ್ದದ್ದೇ ಅದಕ್ಕೆ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ.

ಬೇಡ ಅಂದಿದ್ದನ್ನು ಒಪ್ಪದಿದ್ದರೆ ಟಿಕೆಟ್ಟನ್ನು ನೀವೇ ಮತ್ತೆ ತೆರೆಯುವ ಹಾಗಿಲ್ಲ. ಚರ್ಚೆಗೆ ತರಬೇಕು, ನಾಲ್ಕು ಜನರ ಒಪ್ಪಿಗೆ ಗಳಿಸಬೇಕು. ಇದು ನಿಧಾನ. ಆದರೆ ಒಬ್ಬರ ಹಟದ ಮೇಲೆ ಕೋಡ್ ಬದಲಾಗುವುದಿಲ್ಲ ಅನ್ನುವ ಭರವಸೆಯೂ ಅದೇ.

ಇದನ್ನೆಲ್ಲ ಯಾರು ಓದುತ್ತಾರೆ, ಯಾರು ಉತ್ತರಿಸುತ್ತಾರೆ? ಬಹಳ ಕಾಲ ಎಲ್ಲರೂ ಬಿಡುವಿನಲ್ಲೇ ಮಾಡಿದರು. 2014ರಿಂದ ಜಾಂಗೋ ಸಾಫ್ಟ್‌ವೇರ್ ಫೌಂಡೇಶನ್ ಅನ್ನುವ ಸಂಸ್ಥೆ ಕೆಲವರನ್ನು ಫೆಲೋ ಅಂತ ಸಂಬಳ ಕೊಟ್ಟು ನೇಮಿಸತೊಡಗಿತು. ಮೊದಲ ಫೆಲೋ ಟಿಮ್ ಗ್ರಹಾಂ. ಟಿಕೆಟ್ ಓದುವುದು, ಉತ್ತರಿಸುವುದು, ಪ್ಯಾಚ್ ಪರಿಶೀಲಿಸುವುದು, ಬಿಡುಗಡೆ ಮಾಡುವುದು ಅವರ ಕೆಲಸ. ಹೊಸ ಸೌಲಭ್ಯ ಬರೆದು ಹೆಸರು ಮಾಡುವ ಹುದ್ದೆ ಅಲ್ಲ ಅದು. ದಿನಾ ಬೆಳಿಗ್ಗೆ ಎದ್ದು ಬೇರೆಯವರ ತೊಂದರೆಯನ್ನು ತಾಳ್ಮೆಯಿಂದ ಓದುವ ಹುದ್ದೆ. ಜಾಂಗೋದ ಮೇಲೆ ಕಂಪನಿ ಕಟ್ಟಿ ಗಳಿಸುವವರು ಆ ಫೌಂಡೇಶನ್‌ಗೆ ಸ್ವಲ್ಪವಾದರೂ ಕೊಡಬೇಕು ಅಂತ ನಾನು ಸಿಕ್ಕ ಸಿಕ್ಕಲ್ಲಿ ಹೇಳುತ್ತೇನೆ.

ಕೆಲವು ಬಗ್‌ಗಳು ಮಾತ್ರ ಎಲ್ಲರ ಮುಂದೆ ಚರ್ಚೆಯಾಗುವುದಿಲ್ಲ. ಸುರಕ್ಷತೆಗೆ ಸಂಬಂಧಿಸಿದವನ್ನು ಟಿಕೆಟ್ ಹಾಕದೆ ಇಮೇಲ್ ಮೂಲಕ ಗುಟ್ಟಾಗಿ ತಿಳಿಸಬೇಕು. ಅಂಥದ್ದರಲ್ಲಿ 2019ರ ಡಿಸೆಂಬರ್‌ನ ಒಂದು ದೋಷ ನಮ್ಮಂಥವರು ತಿಳಿದಿರಬೇಕಾದದ್ದು, ಯಾಕೆಂದರೆ ಅದರ ಬೇರು ಇರುವುದು ಲಿಪಿಗಳಲ್ಲಿ. ಟರ್ಕಿಯ ಭಾಷೆಯಲ್ಲಿ ಚುಕ್ಕೆ ಇಲ್ಲದ ಸಣ್ಣ ಐ ಅಕ್ಷರ ಇದೆ. ಅದನ್ನು ದೊಡ್ಡಕ್ಷರ ಮಾಡಿದರೆ ಇಂಗ್ಲಿಷಿನ ದೊಡ್ಡ ಐ ಆಗುತ್ತದೆ. ಪಾಸ್‌ವರ್ಡ್ ಮರೆತಾಗ ಇಮೇಲ್ ಕೊಡುತ್ತೇವಲ್ಲ, ಆಗ ಜಾಂಗೋ ದೊಡ್ಡಕ್ಷರ ಸಣ್ಣಕ್ಷರ ಭೇದ ಎಣಿಸದೆ ಹುಡುಕುತ್ತಿತ್ತು. ಚುಕ್ಕೆ ಇಲ್ಲದ ಅಕ್ಷರ ಬಳಸಿ ಇನ್ನೊಬ್ಬರ ಇಮೇಲ್ ಹಾಗೇ ಕಾಣುವ ವಿಳಾಸ ಮಾಡಿಕೊಂಡವನು ಅದನ್ನು ಕೊಟ್ಟರೆ, ನಿಜವಾದ ಖಾತೆ ಸಿಗುತ್ತಿತ್ತು. ಆದರೆ ಮರುಹೊಂದಿಸುವ ಕೊಂಡಿ ಹೋಗುತ್ತಿದ್ದದ್ದು ಅವನು ಟೈಪ್ ಮಾಡಿದ ವಿಳಾಸಕ್ಕೆ. ಖಾತೆ ಅವನ ಕೈಗೆ. ಪರಿಹಾರ ಹೇಳಿದರೆ ಸಣ್ಣದು ಅನ್ನಿಸುತ್ತದೆ: ಹೋಲಿಕೆಯನ್ನು ಬಿಗಿ ಮಾಡಿ, ಡೇಟಾಬೇಸಿನಲ್ಲಿ ಇರುವ ವಿಳಾಸಕ್ಕೇ ಪತ್ರ ಕಳಿಸಿ. ಒಂದೇ ದಿನ 3.0.1, 2.2.9, 1.11.27 ಮೂರೂ ಬಿಡುಗಡೆಯಾದವು.

ಲಿಪಿಯ ವಿಷಯ ಬಂತಲ್ಲ, ಈಗ ಕನ್ನಡಕ್ಕೆ ಬರೋಣ.

ಜಾಂಗೋದಲ್ಲಿ ಕನ್ನಡ ಇಲ್ಲ ಅಂತ ಅಲ್ಲ. ಯಾರೋ ಪುಣ್ಯಾತ್ಮರು ಕೂತು ಅನುವಾದ ಮಾಡಿದ್ದಾರೆ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಹೆಸರುಗಳ ಮಟ್ಟಿಗೂ ಪರಿಸ್ಥಿತಿ ಸುಧಾರಿಸಿದೆ. ಮೊದಲು ಬಳಕೆದಾರರ ಮೊದಲ ಹೆಸರಿಗೆ 30, ಕೊನೆಯ ಹೆಸರಿಗೆ 30 ಅಕ್ಷರ ಮಿತಿ ಇತ್ತು. ಕೊನೆಯ ಹೆಸರಿನ ಮಿತಿ ಜಾಂಗೋ 2.0ರಲ್ಲಿ 150 ಆಯಿತು, ಮೊದಲ ಹೆಸರಿನದು 3.1ರಲ್ಲಿ. ಆದರೆ ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಮುಂದೆ ಬರುತ್ತವೆ. ಕೊನೆಯ ಹೆಸರು ಅನ್ನುವುದೇ ಎಷ್ಟೋ ಜನಕ್ಕೆ ಇಲ್ಲ. ಇಂಥವರಿಗೆ ನಿಜವಾಗಿ ನೆರವಾದದ್ದು 3011ನೇ ಟಿಕೆಟ್. ಬಳಕೆದಾರರ ಮಾಡೆಲ್ಲನ್ನೇ ನಾವು ಬೇಕಾದಂತೆ ಬರೆದುಕೊಳ್ಳಲು ಬಿಡಿ ಅನ್ನುವ ಬೇಡಿಕೆ ಅದು. 2006ರಲ್ಲಿ ಬರೆದದ್ದು, 2013ರ ಜಾಂಗೋ 1.5ರಲ್ಲಿ ಬಂತು. ಈಗ ಹೆಸರು ಅನ್ನುವ ಒಂದೇ ಜಾಗ ಇಟ್ಟುಕೊಂಡರೂ ಯಾರೂ ಕೇಳುವುದಿಲ್ಲ.

ಸ್ಲಗ್ ಮಾತ್ರ ಹಾಗೇ ಉಳಿದಿದೆ. ಲೇಖನದ ತಲೆಬರಹ "ಮೈಸೂರು ದಸರಾ" ಅಂತ ಇರಲಿ. ಅದನ್ನು ಸ್ಲಗಿಫೈ ಅನ್ನುವ ಫಂಕ್ಷನ್ನಿಗೆ ಕೊಟ್ಟರೆ ಸಿಗುವುದು ಖಾಲಿ. ಇಂಗ್ಲಿಷ್ ಅಕ್ಷರ, ಅಂಕಿಯಂಥವು ಅಲ್ಲದ್ದನ್ನೆಲ್ಲ ಅದು ಎಸೆಯುತ್ತದೆ. ವಿಳಾಸ ಖಾಲಿಯಾದರೆ ಪುಟವೇ ತೆರೆಯದೆ ಎರರ್ ಬರುತ್ತದೆ. 2015ರ ಡಿಸೆಂಬರ್‌ನಲ್ಲಿ ಬಂದ 1.9ರಲ್ಲಿ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನೂ, ಇರಲು ಬಿಡು ಅಂತ ಹೇಳುವ ಆಯ್ಕೆ ಸೇರಿಸಿದರು. ಒಳ್ಳೆಯ ಕೆಲಸ. ರಷ್ಯನ್ನರಿಗೆ, ಗ್ರೀಕರಿಗೆ, ಚೀನೀಯರಿಗೆ ಅದು ಸಾಕಾಯಿತು. ಕನ್ನಡದ "ಮೈಸೂರು ದಸರಾ" ಅದರಿಂದ ಹೊರಗೆ ಬರುವುದು ಹೀಗೆ: "ಮಸರ-ದಸರ". "ಕನ್ನಡ" ಹೋಗಿ "ಕನನಡ" ಆಗುತ್ತದೆ. "ಕರ್ನಾಟಕ" ಹೋಗಿ "ಕರನಟಕ". "ಬೆಂಗಳೂರು" ಹೋಗಿ "ಬಗಳರ". ಕೊಂಬು, ಗುಡಿಸು, ಇಳಿ, ಏತ್ವ, ಸೊನ್ನೆ, ಒತ್ತು ಎಲ್ಲ ಉದುರಿ ಹೋಗುತ್ತವೆ. ಕಾಡು, ಕೇಡು, ಕೊಡೆ, ಕೋಡಿ, ಕೂಡು ಅಂತ ಐದು ಬೇರೆ ಬೇರೆ ತಲೆಬರಹ ಕೊಟ್ಟರೆ ಐದಕ್ಕೂ ಸಿಗುವ ವಿಳಾಸ "ಕಡ". ಒಂದು ವಿಳಾಸ ಒಂದೇ ಸಲ ಬರಬೇಕು ಅಂತ ನಿಯಮ ಇಟ್ಟಿದ್ದರೆ ಎರಡನೇ ಲೇಖನಕ್ಕೇ ಸೈಟ್ ಮುಗ್ಗರಿಸುತ್ತದೆ.

ಸರಿ, ಕೈಯಲ್ಲೇ ಬರೆಯೋಣ ಅಂದರೆ ಅದೂ ಆಗುವುದಿಲ್ಲ. ಸ್ಲಗ್ ಫೀಲ್ಡಿಗೆ ಯೂನಿಕೋಡ್ ಆಯ್ಕೆ ಕೊಟ್ಟಿದ್ದರೂ "ಕನ್ನಡ" ಅಂತ ಸರಿಯಾಗಿ ಟೈಪ್ ಮಾಡಿದರೆ ಅದು ತಿರಸ್ಕರಿಸುತ್ತದೆ. ಅಕ್ಷರ, ಅಂಕಿ, ಅಡಿಗೆರೆ, ಹೈಫನ್ ಮಾತ್ರ ಬಳಸಿ ಅನ್ನುತ್ತದೆ. ಕನ್ನಡದ ಒತ್ತು ಅಕ್ಷರದ ಲೆಕ್ಕಕ್ಕೆ ಬರುವುದಿಲ್ಲ ಅಂತ ನಮ್ಮ ಮುಖಕ್ಕೇ ಹೇಳಿದ ಹಾಗೆ. ಅಪ್‌ಲೋಡ್ ಮಾಡಿದ ಕಡತದ ಹೆಸರಿಗೂ ಇದೇ ಗತಿ. "ಅರ್ಜಿ" ಅನ್ನುವ ಕಡತ ಸರ್ವರಿನಲ್ಲಿ "ಅರಜ" ಆಗಿ ಕೂರುತ್ತದೆ.

ಕಾರಣ ಹುಡುಕುತ್ತಾ ಹೋದರೆ ಜಾಂಗೋ ದಾಟಿ ಪೈಥಾನ್ ಒಳಗೆ ಇಳಿಯಬೇಕು. ಪದದ ಅಕ್ಷರ ಯಾವುದು ಅಂತ ಗುರುತಿಸಲು ಜಾಂಗೋ ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ (ಬರಹದಲ್ಲಿ ಮಾದರಿ ಹುಡುಕುವ) ಲೈಬ್ರರಿಯನ್ನು ನಂಬಿದೆ. ಆ ಲೈಬ್ರರಿಯ ಕಣ್ಣಿಗೆ ಬಿಡಿ ಅಕ್ಷರ, ಅಂಕಿ ಮತ್ತು ಅಡಿಗೆರೆ ಮಾತ್ರ ಪದದ ಭಾಗ. ಅಕ್ಷರಕ್ಕೆ ಅಂಟಿಕೊಂಡು ಬರುವ ಚಿಹ್ನೆಗಳು ಯೂನಿಕೋಡಿನಲ್ಲಿ ಬೇರೆ ಗುಂಪಿಗೆ ಸೇರಿವೆ, ಅವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯೂನಿಕೋಡ್‌ನವರ ಶಿಫಾರಸು ಇದಕ್ಕೆ ವಿರುದ್ಧ, ಚಿಹ್ನೆಗಳೂ ಪದದ ಭಾಗವೇ ಅನ್ನುತ್ತದೆ. ಈ ತಕರಾರು ಪೈಥಾನ್‌ನ ಸ್ವಂತ ಬಗ್ ಪಟ್ಟಿಯಲ್ಲಿ 2011ರಲ್ಲೇ ದಾಖಲಾಗಿದೆ, ನಂಬರ್ 12731. ಕನ್ನಡಕ್ಕೆ ಮಾತ್ರ ಅಲ್ಲ, ಹಿಂದಿ, ತೆಲುಗು, ತಮಿಳು, ಬಂಗಾಳಿ ಎಲ್ಲಕ್ಕೂ ಇದೇ ಹೊಡೆತ. ಇಷ್ಟು ಕೋಟಿ ಜನರ ಭಾಷೆಗಳಿಗೆ ಆಗುವ ತೊಂದರೆ ಇಷ್ಟು ವರ್ಷ ಅಲ್ಲೇ ಕೂತಿದೆ. ಅದರ ಪಕ್ಕ ನಿಂತು ಮಾತಾಡುವ ನಾವೇ ಕಡಿಮೆ ಇದ್ದೇವೆ.

ನಮ್ಮವರು ಮಾಡುವುದು ಏನು? ಪ್ರತಿ ಪ್ರಾಜೆಕ್ಟಿನಲ್ಲೂ ಒಂದು ಅಡ್ಡದಾರಿ. ತಲೆಬರಹವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸುತ್ತಾರೆ, ಅಥವಾ ವಿಳಾಸದಲ್ಲಿ ಬರೀ ನಂಬರ್ ಇಡುತ್ತಾರೆ, ಅಥವಾ ಚಿಹ್ನೆಗಳನ್ನು ಸರಿಯಾಗಿ ಗುರುತಿಸುವ ರೆಜೆಕ್ಸ್ ಅನ್ನುವ ಹೊರಗಿನ ಪ್ಯಾಕೇಜ್ ಬಳಸಿ ಸ್ವಂತ ಸ್ಲಗಿಫೈ ಬರೆದುಕೊಳ್ಳುತ್ತಾರೆ. ಅಷ್ಟಕ್ಕೆ ಕೆಲಸ ನಡೆಯುತ್ತದೆ. ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್‌ನಂಥ ಗುಂಪು ಇರುವ ಊರು ನಮ್ಮದು. ಪೈಥಾನ್ ಬಳಸುವವರ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಅಡ್ಡದಾರಿ ಬರೆದುಕೊಂಡ ಪ್ರತಿಯೊಬ್ಬರೂ ಅದಕ್ಕೆ ಕಾರಣವಾದ ತೊಂದರೆಯನ್ನು ಹತ್ತು ಸಾಲಿನಲ್ಲಿ ಬರೆದಿಟ್ಟಿದ್ದರೆ ಈ ಹೊತ್ತಿಗೆ ದೊಡ್ಡ ಸಾಕ್ಷಿ ಇರುತ್ತಿತ್ತು. ಗಟ್ಟಿ ಸಾಕ್ಷಿ ಇಲ್ಲದೆ ಜಾಂಗೋದಲ್ಲಿ ಮಾತು ಮುಂದೆ ಹೋಗುವುದಿಲ್ಲ. ಹೋಗಲೂ ಬಾರದು.

ಯಾಕೆಂದರೆ ಇದು ಒಂದು ಸಾಲು ಬದಲಿಸಿ ಮುಗಿಸುವ ಬಗ್ ಅಲ್ಲ. ಪ್ಯಾಚ್ ಕಳಿಸಿದರೆ ಬರುವ ಪ್ರಶ್ನೆಗಳನ್ನು ನಾನು ಈಗಲೇ ಊಹಿಸಬಲ್ಲೆ, ಎಲ್ಲವೂ ನ್ಯಾಯವಾದವು. ಪೈಥಾನ್‌ನಲ್ಲಿ ಇರುವ ದೋಷವನ್ನು ಜಾಂಗೋ ಯಾಕೆ ತೇಪೆ ಹಾಕಬೇಕು? ರೆಜೆಕ್ಸ್ ಪ್ಯಾಕೇಜ್ ಸೇರಿಸಿ ಅಂದರೆ, ಜಾಂಗೋ ಹೊರಗಿನ ಪ್ಯಾಕೇಜ್‌ಗಳನ್ನು ಬೆರಳೆಣಿಕೆಯಷ್ಟು ಮಾತ್ರ ಇಟ್ಟುಕೊಂಡಿದೆ, ಇದಕ್ಕೋಸ್ಕರ ಇನ್ನೊಂದು ಯಾಕೆ? ಈಗಾಗಲೇ "ಮಸರ-ದಸರ" ಅನ್ನುವ ವಿಳಾಸದ ಜೊತೆ ಬದುಕುತ್ತಿರುವ ಸೈಟ್‌ಗಳ ಕತೆ ಏನು? ಸ್ಲಗ್ಗನ್ನು ಡೇಟಾಬೇಸಿನಲ್ಲಿ ಇಟ್ಟುಕೊಂಡವರು ಪಾರಾಗುತ್ತಾರೆ, ಪ್ರತಿ ಸಲ ತಲೆಬರಹದಿಂದ ಲೆಕ್ಕ ಹಾಕುವವರ ಹಳೆಯ ಕೊಂಡಿಗಳೆಲ್ಲ ಮುರಿಯುತ್ತವೆ. ಕಡತದ ಹೆಸರಿನ ಫಂಕ್ಷನ್ ಸುರಕ್ಷತೆಗೂ ಸಂಬಂಧಪಟ್ಟದ್ದು, ಅದನ್ನು ಸಡಿಲ ಮಾಡುವಾಗ ಇನ್ನೂ ಹುಷಾರಾಗಿರಬೇಕು.

ಇದಕ್ಕಿಂತ ಕಗ್ಗಂಟು ಕಣ್ಣಿಗೆ ಕಾಣದ ಅಕ್ಷರಗಳದ್ದು. ಕನ್ನಡದಲ್ಲಿ "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಆದ ಮೇಲೆ ಒಂದು ಕಾಣದ ಅಕ್ಷರ ಕೂತಿರುತ್ತದೆ. ಅದನ್ನು ತೆಗೆದರೆ "ರಾಜ್ಕುಮಾರ್" ಆಗಿ ಕ ಒತ್ತಾಗಿ ಕೆಳಗೆ ಇಳಿಯುತ್ತದೆ. "ರ‍್ಯಾಂಕ್" ಬರೆಯಲು ಇನ್ನೊಂದು ಕಾಣದ ಅಕ್ಷರ ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು "ರ್ಯಾಂಕ್" ಆಗುತ್ತದೆ. ಈ ಎರಡನ್ನೂ ಸ್ಲಗ್‌ನಲ್ಲಿ ಉಳಿಸಬೇಕಾ? ಉಳಿಸಿದರೆ ಕಾಗುಣಿತ ಸರಿ ಇರುತ್ತದೆ. ಆದರೆ ಕಾಣದ ಅಕ್ಷರ ಎಲ್ಲೆಂದರಲ್ಲಿ ಕೂರಬಹುದು. ನೋಡಲು ಒಂದೇ ಥರ ಇರುವ ಎರಡು ವಿಳಾಸ ಹುಟ್ಟುತ್ತವೆ, ಮೋಸ ಮಾಡುವವರಿಗೆ ಅಷ್ಟೇ ಸಾಕು. ಒತ್ತಿನ ಪಕ್ಕ ಇದ್ದರೆ ಮಾತ್ರ ಉಳಿಸು ಅನ್ನುವ ನಿಯಮ ನನಗೆ ಸರಿ ಕಾಣುತ್ತದೆ. ಮಲಯಾಳಂನವರು ಏನನ್ನುತ್ತಾರೋ ಕೇಳಬೇಕು. ಅವರ ಚಿಲ್ಲು ಅಕ್ಷರಗಳನ್ನು (ಸ್ವರ ಇಲ್ಲದ ವ್ಯಂಜನಗಳು) ಹಳೆಯ ಬರಹಗಳಲ್ಲಿ ಇಂಥದ್ದೇ ಕಾಣದ ಅಕ್ಷರ ಹಾಕಿ ಬರೆದಿದ್ದಾರೆ, 2008ರ ಮೇಲೆ ಅವಕ್ಕೆ ಯೂನಿಕೋಡಿನಲ್ಲಿ ಸ್ವಂತ ಸ್ಥಾನ ಸಿಕ್ಕಿತು.

ಈ ಚರ್ಚೆಯನ್ನು ಕನ್ನಡ ಓದಲು ಬಾರದ ಒಬ್ಬ ಒಳ್ಳೆಯ ಪ್ರೋಗ್ರಾಮರ್ ಮಾಡಲು ಆಗುವುದಿಲ್ಲ. ಅವರಿಗೆ "ಕನನಡ" ಮತ್ತು "ಕನ್ನಡ" ಎರಡೂ ದುಂಡನೆಯ ಅಕ್ಷರಗಳೇ. ಪರಿಶೀಲಿಸುವವರು ಎಷ್ಟೇ ಮನಸ್ಸಿಟ್ಟು ನೋಡಿದರೂ ಟೆಸ್ಟ್ ಸರಿ ಇದೆಯಾ ಅಂತ ಹೇಳಬೇಕಾದವರು ನಾವು.

ಹಾಗಾಗಿ ಪ್ಯಾಚಿಗಿಂತ ಮೊದಲು ಟೆಸ್ಟಿನ ಪದಗಳನ್ನು ಕೂಡಿಸುತ್ತಿದ್ದೇನೆ. ಒತ್ತಿಗೆ "ಕನ್ನಡ", ಎರಡು ಒತ್ತಿಗೆ "ಸ್ವಾತಂತ್ರ್ಯ", ಸೊನ್ನೆಗೆ "ಬೆಂಗಳೂರು", ವಟ್ರಸುಳಿಗೆ "ಕೃಷಿ", ವಿಸರ್ಗಕ್ಕೆ "ದುಃಖ", ಕಾಣದ ಅಕ್ಷರಗಳಿಗೆ "ರಾಜ್‌ಕುಮಾರ್" ಮತ್ತು "ರ‍್ಯಾಂಕ್". ಓತ್ವ ಇರುವ ಪದಗಳೂ ಬೇಕು, ಯಾಕೆಂದರೆ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಬಿಡಿಯಾಗಿಯೂ ಬರೆಯಬಹುದು. ಎರಡಕ್ಕೂ ಒಂದೇ ವಿಳಾಸ ಬರಬೇಕು. ಅದಕ್ಕೆ "ಕೋಲಾರ" ಇಟ್ಟಿದ್ದೇನೆ. ಹಳೆಗನ್ನಡದ ಱ ಮತ್ತು ೞ ಬಳಸುವ ಸೈಟ್ ನಡೆಸುವವರು ಯಾರಾದರೂ ಇದ್ದರೆ, ನಿಮ್ಮಲ್ಲಿ ವಿಳಾಸಗಳು ಹೇಗೆ ಬರುತ್ತಿವೆ ಅಂತ ಕೆಳಗೆ ಬರೆಯಿರಿ. ಯಾವ ಆವೃತ್ತಿ, ಏನು ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು, ಇಷ್ಟು ಇದ್ದರೆ ಸಾಕು.